ಗ್ವಾಡಿ ತಡೀತದೇನ್ರಿ?

ಕಲಬುರಗಿಯ ಅಕ್ಕನ ಮನೆಗೆ ಏಸಿ ಬಂದದ್ದು ಏಪ್ರಿಲ್ ತಿಂಗಳಲ್ಲಿ. ಫಿಟ್ಟಿಂಗ್ ಮಾಡಲು ಬಂದ ಇಬ್ಬರು ಹುಡುಗರು ಗೋಡೆಗೆ ಡ್ರಿಲ್ ಹಚ್ಚುವ ಹೊತ್ತಿಗೆ ಅಕ್ಕನ ಅತ್ತೆ ಮಂಚದ ಮೇಲಿಂದಲೇ ಕೈ ಅಡ್ಡ ಮಾಡಿದರು. "ತಡೀರಿ ತಮ್ಮಾ. ಒಂದೂವರಿ ಟನ್ ಅಂತೀರಿ. ಗ್ವಾಡಿ ತಡೀತದೇನ್ರಿ?"

ಹುಡುಗರು ನಕ್ಕರು. ಗೋಡೆಗೆ ಹಾಕುವ ಪೆಟ್ಟಿಗೆಯನ್ನು ಅವರಲ್ಲೊಬ್ಬ ಆಗಷ್ಟೇ ಒಬ್ಬನೇ ಬಗಲಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದ. "ಅದು ತೂಕ ಅಲ್ರಿ ಅಮ್ಮಾ, ಥಂಡಿ ಲೆಕ್ಕ" ಎಂದ. "ಥಂಡಿ ಯಾರು ಟನ್ನಿನ್ಯಾಗ ತೂಗ್ತಾರೋ?" ಎಂದು ಅತ್ತೆ ಗೊಣಗಿದರು. ಅವರಿಗೆ ಉತ್ತರ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ, ಯಾಕೆಂದರೆ ಹುಡುಗ ಹೇಳಿದ್ದು ಅರ್ಧ ಸರಿ. ಆ ಟನ್ ತೂಕದ್ದೇ. ಆದರೆ ಪೆಟ್ಟಿಗೆಯ ತೂಕವಲ್ಲ, ಮಂಜುಗಡ್ಡೆಯ ತೂಕ.

ಕಂಪ್ರೆಸರ್ ಹುಟ್ಟುವ ಮೊದಲು ತಂಪು ಅನ್ನುವುದು ಅಕ್ಕಿ ಬೇಳೆಯ ಹಾಗೆ ಹೊತ್ತು ತರುವ ಸರಕಾಗಿತ್ತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿಗೆ ತುಂಬಿ ಬಿಸಿನಾಡುಗಳಿಗೆ ಮಾರುತ್ತಿದ್ದ. 1833ರ ಮೇ ತಿಂಗಳಲ್ಲಿ ಅವನ 'ಟಸ್ಕನಿ' ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಹೊರಟಿತು. ನಾಲ್ಕು ತಿಂಗಳ ಪಯಣದಲ್ಲಿ ಎರಡು ಸಲ ಸಮಭಾಜಕ ವೃತ್ತ ದಾಟಿ ಸೆಪ್ಟೆಂಬರಿನಲ್ಲಿ ಕಲ್ಕತ್ತ ತಲುಪಿದಾಗ ಇನ್ನೂ ನೂರು ಟನ್ನಿನಷ್ಟು ಕರಗದೆ ಉಳಿದಿತ್ತು. ಮದ್ರಾಸಿನ ಕಡಲ ದಂಡೆಯಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಈ ವ್ಯಾಪಾರದ್ದೇ ಗೋದಾಮು. ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದರಿಂದ ಈಗ ಅವರ ಹೆಸರಿನಲ್ಲೇ ಇರುವ ದುಂಡು ಮುಖದ ಕಟ್ಟಡ ಅದು.

ಯಂತ್ರದಿಂದ ತಂಪು ತೆಗೆಯುವವರು ಬಂದಾಗ ಗಿರಾಕಿಗಳ ಪ್ರಶ್ನೆ ಸಹಜವಾಗಿತ್ತು: ನಿಮ್ಮ ಯಂತ್ರ ದಿನಕ್ಕೆ ಎಷ್ಟು ಟನ್ ಐಸಿನ ಕೆಲಸ ಮಾಡುತ್ತದೆ? ಕುದುರೆ ಮಾಯವಾದರೂ ನಮ್ಮ ಹೊಲದ ಪಂಪ್‌ಸೆಟ್ಟಿನಲ್ಲಿ 'ಐದು ಎಚ್‌ಪಿ' ಉಳಿದಿದೆಯಲ್ಲ, ಹಾಗೆಯೇ ಏಸಿಯಲ್ಲಿ ಟನ್ ಉಳಿಯಿತು. ಅದೂ ಅಮೆರಿಕದ ಟನ್, 2000 ಪೌಂಡಿನದು. ನಮ್ಮ ಲೆಕ್ಕದಲ್ಲಿ 907 ಕಿಲೋ. ಸೊನ್ನೆ ಡಿಗ್ರಿಯಲ್ಲಿರುವ ಅಷ್ಟು ಮಂಜುಗಡ್ಡೆ 24 ಗಂಟೆಯಲ್ಲಿ ಪೂರಾ ಕರಗಿ ಸೊನ್ನೆ ಡಿಗ್ರಿಯ ನೀರಾಗಲು ಸುತ್ತಲಿಂದ ಎಷ್ಟು ಶಾಖ ಹೀರುತ್ತದೋ ಅದೇ ವೇಗದಲ್ಲಿ ಶಾಖ ಎಳೆಯಬಲ್ಲ ಯಂತ್ರ ಒಂದು ಟನ್ನಿನದು.

ಕರಗಿದ ಮೇಲೂ ನೀರಿನ ಉಷ್ಣಾಂಶ ಸೊನ್ನೆಯೇ. ಹೀರಿದ ಶಾಖವೆಲ್ಲ ಎಲ್ಲಿ ಹೋಯಿತು? ಗಡ್ಡೆಯ ಕಟ್ಟು ಬಿಡಿಸುವುದಕ್ಕೇ ಖರ್ಚಾಯಿತು. ಶಾಲೆಯಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೌಲ್ ಬೇಕು. ಅಷ್ಟೇ ಶಾಖ ಕೊಟ್ಟರೆ ಕರಗಿದ ಅದೇ ನೀರು ಸೊನ್ನೆಯಿಂದ 80 ಡಿಗ್ರಿಗೆ ಏರುತ್ತದೆ, ಚಹಾಕ್ಕೆ ಇನ್ನೇನು ಕುದಿ ಬರಬೇಕು ಅನ್ನುವಷ್ಟು. 907 ಕಿಲೋವನ್ನು 334ರಿಂದ ಗುಣಿಸಿ, ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸುಮಾರು 3.5 ಕಿಲೋವ್ಯಾಟ್. ಪೆಟ್ಟಿಗೆಯ ಮೇಲೆ ಕಾಣುವ ಗಂಟೆಗೆ 12,000 ಬಿಟಿಯು ಅಂದರೂ ಅದೇ, ಇಂಗ್ಲಿಷರ ಹಳೆಯ ಅಳತೆಯಲ್ಲಿ. ಅಕ್ಕನ ಮನೆಯ ಒಂದೂವರೆ ಟನ್ ಯಂತ್ರ ಪೂರ್ತಿ ದುಡಿದರೆ ಗಂಟೆಗೆ 57 ಕಿಲೋ ಮಂಜುಗಡ್ಡೆ ಕರಗಿಸಿದ ಹಾಗೆ. ಅತ್ತೆಯ ತೂಕಕ್ಕಿಂತ ಹೆಚ್ಚು!

ಮಂಜುಗಡ್ಡೆಯಿಂದಲೇ ಒಂದು ಕೋಣೆಯನ್ನು ತಂಪು ಮಾಡಿದ ಪ್ರಸಂಗವೂ ಇದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡು ತಗುಲಿತು. ವಾಷಿಂಗ್ಟನ್ನಿನ ಕಡು ಸೆಕೆಯಲ್ಲಿ ನರಳುತ್ತಿದ್ದ ಅವರ ಕೋಣೆಗೆ ನೌಕಾಪಡೆಯ ಎಂಜಿನಿಯರುಗಳು ಐಸ್ ನೀರಿನಲ್ಲಿ ತೊಯ್ದ ಬಟ್ಟೆಗಳ ಮೂಲಕ ಫ್ಯಾನಿನಿಂದ ಗಾಳಿ ನೂಕುವ ಒಂದು ಪೆಟ್ಟಿಗೆ ಕಟ್ಟಿಕೊಟ್ಟರು. ಕೋಣೆ ತಂಪಾಯಿತು, ಎರಡು ತಿಂಗಳಲ್ಲಿ ಐದು ಲಕ್ಷ ಪೌಂಡಿಗೂ ಮೀರಿ ಮಂಜುಗಡ್ಡೆ ಕರಗಿತು. ದಿನದ ಲೆಕ್ಕ ಹಾಕಿದರೆ ನಾಲ್ಕು ಟನ್ನಿಗಿಂತ ತುಸು ಹೆಚ್ಚು. ಅಂದರೆ ರೋಗಿಯ ಒಂದು ಕೋಣೆಗೆ ನಾಲ್ಕು ಟನ್ನಿನ ಏಸಿ! ತಂಪಾದ ಗಾಳಿಯನ್ನು ಮತ್ತೆ ಮತ್ತೆ ಸುತ್ತಿಸದೆ ಹೊರಗಿನ ಬಿಸಿಗಾಳಿಯನ್ನೇ ಎಳೆದು ತಣಿಸುತ್ತಿದ್ದರೆ ಅಷ್ಟು ಬೇಕೇ ಬೇಕು. ಬಾಗಿಲು ತೆರೆದಿಟ್ಟು ಏಸಿ ಹಾಕುವವರು ಮಾಡುವುದೂ ಅದನ್ನೇ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಒಂದು ಟನ್ನಿಗೆ 3.5 ಅಂದರೆ ಒಂದೂವರೆ ಟನ್ನಿಗೆ ಐದು ಕಿಲೋವ್ಯಾಟಿನ ಮೇಲಾಯಿತು. ಹಾಗಾದರೆ ಗಂಟೆಗೆ ಐದು ಯೂನಿಟ್ ಕರೆಂಟೇ ಎಂದು ಭಾವ ಗಾಬರಿಯಾದರು. ಅಲ್ಲ. ಏಸಿ ತಂಪನ್ನು ತಯಾರು ಮಾಡುವುದಿಲ್ಲ, ಕೋಣೆಯ ಶಾಖವನ್ನು ಸೇದಿ ಹೊರಗೆ ಸುರಿಯುತ್ತದೆ. ಬಾವಿಯಿಂದ ಕೊಡ ಎತ್ತಿದಂತೆ. ನೀರು ಬಾವಿಯದು, ತೋಳಿನ ಶ್ರಮ ಮಾತ್ರ ನಮ್ಮದು. ಐದು ಕಿಲೋವ್ಯಾಟ್ ಶಾಖ ಸೇದಲು ಒಂದೂವರೆ ಕಿಲೋವ್ಯಾಟಿನ ಆಸುಪಾಸು ಕರೆಂಟು ಸಾಕು. ಆ ಶ್ರಮವೂ ಶಾಖವಾಗಿ ಹೊರಗಿನ ಪೆಟ್ಟಿಗೆಯಲ್ಲೇ ಸೇರಿಕೊಳ್ಳುವುದರಿಂದ ಪಕ್ಕದ ಮನೆಯವರ ಕಿಟಕಿಗೆ ಬಡಿಯುವುದು ಆರೂವರೆ ಕಿಲೋವ್ಯಾಟ್. ಅವರ ಸಿಟ್ಟಿಗೆ ಭೌತಶಾಸ್ತ್ರದ ಆಧಾರವಿದೆ.

ಇನ್ನು ಅಳತೆಯ ಮಾತು. ಅಂಗಡಿಗೆ ಹೋದರೆ ಮೊದಲು ಕೇಳುವುದು 'ರೂಮ್ ಎಷ್ಟು ಸ್ಕ್ವೇರ್ ಫೀಟ್ ಸಾರ್?' ಎಂದು. ನೂರು, ನೂರಿಪ್ಪತ್ತು ಚದರಡಿಗೆ ಒಂದು ಟನ್, ಅಲ್ಲಿಂದ ಮೇಲೆ ನೂರೆಂಬತ್ತರವರೆಗೆ ಒಂದೂವರೆ, ಆಮೇಲೆ ಎರಡು. ಇದು ಕಾಲಿನ ಉದ್ದ ನೋಡಿ ಜ್ವರದ ಗುಳಿಗೆ ಕೊಟ್ಟಂತೆ. ತಕ್ಕಮಟ್ಟಿಗೆ ನಡೆಯುತ್ತದೆ, ಯಾಕೆಂದರೆ ದೊಡ್ಡವರಿಗೆ ಕಾಲು ಉದ್ದವೇ. ಆದರೆ ಏಸಿ ತಂಪು ಮಾಡಬೇಕಾದ್ದು ನೆಲವನ್ನಲ್ಲ. ಆ ಕೋಣೆಗೆ ಪ್ರತಿ ಗಂಟೆ ಎಷ್ಟು ಶಾಖ ನುಗ್ಗುತ್ತದೆ, ಎಲ್ಲಿಂದ ನುಗ್ಗುತ್ತದೆ, ಅದೇ ನಿಜವಾದ ಅಳತೆ. ಅಕ್ಕನ ಕೋಣೆಯಲ್ಲಿ ಟೇಪು, ಕಾಗದ, ಪೆನ್ನು ಹಿಡಿದು ಕೂತೆ. ಏಸಿ ಗೋಡೆ ಏರಿದ ಮೇಲೆ ಈ ಲೆಕ್ಕ, ಮದುವೆ ಮುಗಿಸಿ ಜಾತಕ ಕೂಡಿಸಿದ ಹಾಗೆ, ನಿಜ.

ಕೋಣೆ ಹನ್ನೆರಡಡಿಗೆ ಹನ್ನೆರಡು, ಮೇಲಿನ ಮಹಡಿ. ತಲೆಯ ಮೇಲೆ ಐದಿಂಚಿನ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಬರೀ ಆಕಾಶ. ಬೇಸಿಗೆಯ ಮಧ್ಯಾಹ್ನ ಇಂಥ ತಾರಸಿಯ ಮೇಲ್ಮೈ 55, 60 ಡಿಗ್ರಿ ಮುಟ್ಟುತ್ತದೆ. ಹಪ್ಪಳ ಒಣಹಾಕಲು ಹೋದವರು ಚಪ್ಪಲಿ ಮರೆತರೆ ಗೊತ್ತಾಗುತ್ತದೆ. ಒಳಗೆ 26 ಡಿಗ್ರಿ ಬೇಕೆಂದರೆ ಮೇಲಕ್ಕೂ ಕೆಳಕ್ಕೂ ಸುಮಾರು 30 ಡಿಗ್ರಿ ಅಂತರ. ಕಾಂಕ್ರೀಟು ಶಾಖವನ್ನು ಧಾರಾಳವಾಗಿ ಬಿಟ್ಟುಕೊಡುವ ವಸ್ತು: ಒಂದು ಡಿಗ್ರಿ ಅಂತರಕ್ಕೆ ಪ್ರತಿ ಚದರ ಮೀಟರಿನಲ್ಲಿ ಮೂರು ವ್ಯಾಟಿಗಿಂತ ಹೆಚ್ಚು. ಹದಿಮೂರು ಚಿಲ್ಲರೆ ಚದರ ಮೀಟರಿಗೆ ಗುಣಿಸಿದರೆ 1300 ವ್ಯಾಟ್. ಬಿಸಿನೀರಿನ ಕಾಯಿಲ್ ಒಂದನ್ನು ಸೂರಿಗೆ ತೂಗುಹಾಕಿದಂತೆ. ಮನೆ ಕಟ್ಟುವವರಿಗಾಗಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ) 2018ರಲ್ಲಿ ತಂದ 'ಇಕೋ ನಿವಾಸ್ ಸಂಹಿತಾ' ಡಿಗ್ರಿಗೆ ಮೂರು ವ್ಯಾಟ್ ಎಂಬ ಈ ಲೆಕ್ಕವನ್ನು 1.2ಕ್ಕೆ ಇಳಿಸಿ ಎನ್ನುತ್ತದೆ. ಇಳಿಸಿದವರ ಮನೆ ನಾನು ನೋಡಿದ್ದು ಕಡಿಮೆ.

ಸ್ಲ್ಯಾಬಿಗೆ ಇನ್ನೊಂದು ದುರ್ಗುಣ ಇದೆ. ಅದು ಶಾಖವನ್ನು ಕೂಡಲೇ ಕೊಡುವುದಿಲ್ಲ, ಸಾಲ ಇಟ್ಟುಕೊಂಡು ಕೊಡುತ್ತದೆ. ಮಧ್ಯಾಹ್ನ ಒಂದಕ್ಕೆ ಕುಡಿದ ಬಿಸಿಲು ಕೆಳಮುಖವಾಗಿ ಇಳಿದು ಕೋಣೆ ತಲುಪುವಾಗ ಸಂಜೆಯಾಗಿರುತ್ತದೆ. ಹೊರಗೆ ಗಾಳಿ ತಣಿದು ಅಂಗಳದಲ್ಲಿ ಹಾಯೆನಿಸಿದ ರಾತ್ರಿ ಒಂಬತ್ತಕ್ಕೂ ಮೇಲಿನ ಮಹಡಿ ಬೇಯುತ್ತಿರುವುದು ಇದಕ್ಕೇ. ಕಲಬುರಗಿ, ರಾಯಚೂರು ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮೇಲೆ ದಪ್ಪ ಮಣ್ಣಿನ ಹಾಸು ಇರುತ್ತಿತ್ತು. ಅಲ್ಲಿ ಬಿಸಿಲು ಒಳಗೆ ಇಳಿಯುವ ಮೊದಲೇ ಸೂರ್ಯ ಮುಳುಗಿ, ಅದರ ಬಹುಪಾಲು ರಾತ್ರಿ ಆಕಾಶಕ್ಕೇ ವಾಪಸಾಗುತ್ತಿತ್ತು. ಆ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದ ಭಾವ ಈಗ ಅದರ ಬಡ್ಡಿ ಕಟ್ಟುತ್ತಿದ್ದಾರೆ.

ಪಶ್ಚಿಮಕ್ಕೆ ಒಂದು ಕಿಟಕಿ, ನಾಲ್ಕಡಿಗೆ ಐದಡಿ. ಸಂಜೆ ನಾಲ್ಕರ ಓರೆ ಬಿಸಿಲು ನೇರವಾಗಿ ಗಾಜಿಗೆ ಬಡಿಯುವಾಗ ಆ ಎರಡು ಚದರ ಮೀಟರಿಗೂ ಕಮ್ಮಿ ಜಾಗದಿಂದ ಒಳಬರುವುದು ಹತ್ತಿರ ಹತ್ತಿರ ಸಾವಿರ ವ್ಯಾಟ್. ಒಳಗಿನ ಪರದೆ ಎಳೆದರೆ ಕಣ್ಣಿಗೆ ನೆರಳು, ಕೋಣೆಗೆ ಅಷ್ಟಕ್ಕಷ್ಟೇ. ಗಾಜು ದಾಟಿದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಪರದೆ ಕೋಣೆಯನ್ನು. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು. ಹಿಂದಿನವರು ಬಿದಿರಿನ ತಟ್ಟಿಯನ್ನು ಹೊರಗೆ ಇಳಿಬಿಡುತ್ತಿದ್ದದ್ದು ಚಂದಕ್ಕಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಬಿಸಿಲು ಬೀಳುವ ಪಶ್ಚಿಮದ ಗೋಡೆಯಿಂದ 400 ವ್ಯಾಟ್, ಉತ್ತರದ್ದರಿಂದ 300, ಏಸಿ ಇಲ್ಲದ ಹಾಲ್ ಮತ್ತು ಅಡುಗೆಮನೆ ಕಡೆಯ ಗೋಡೆಗಳಿಂದ 400. ಬಾಗಿಲ ಸಂದಿನಲ್ಲಿ ನುಸುಳುವ ಗಾಳಿ 150. ಟೀವಿ, ಫ್ಯಾನು, ದೀಪ ಸೇರಿ ಇನ್ನೊಂದು 150. ಮತ್ತೆ ಮನುಷ್ಯರು: ಸುಮ್ಮನೆ ಕೂತ ಒಬ್ಬರ ಮೈ ನೂರು ವ್ಯಾಟಿನ ಹಳೆಯ ಬಲ್ಬಿಗಿಂತ ತುಸು ಹೆಚ್ಚು ಶಾಖ ಬಿಡುತ್ತದೆ. ಮೂವರಿಗೆ 350. ಎಲ್ಲ ಕೂಡಿದರೆ 4050. ಒಂದು ಟನ್ನಿಗೆ ಸಿಗುವುದು 3500. ಅಂಗಡಿಯವನ ಒಂದೂವರೆ ಟನ್ ಸರಿಯಾಗಿಯೇ ಇತ್ತು, ಆದರೆ ಅವನು ಹೇಳಿದ ಕಾರಣಕ್ಕಲ್ಲ. ಇದೇ ಅಳತೆಯ ಕೋಣೆ ಮೈಸೂರಿನ ಯಾವುದೋ ಮನೆಯ ಕೆಳಮಹಡಿಯಲ್ಲಿ, ಪೂರ್ವಕ್ಕೆ ಕಿಟಕಿ, ಎದುರಿಗೊಂದು ಹೊಂಗೆ ಮರ ಇದ್ದಿದ್ದರೆ ಸೂರಿನ 1300 ಬಹುಪಾಲು ಅಳಿಸಿಹೋಗಿ, ಮುಕ್ಕಾಲು ಟನ್ನೇ ಹೆಚ್ಚಾಗುತ್ತಿತ್ತು.

ಸೂಕ್ಷ್ಮ ಇನ್ನೂ ಒಂದಿದೆ. ಏಸಿಯ ಸಾಮರ್ಥ್ಯವನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು. ಕಲಬುರಗಿಯ ಮೇ ತಿಂಗಳು ಈ 35ನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ದಾಟಿರುತ್ತದೆ. ಹೊರಗೆ 43 ಇದ್ದಾಗ ಶಾಖವನ್ನು ಇನ್ನಷ್ಟು ಎತ್ತರಕ್ಕೆ ಸೇದಬೇಕು. ಬಾವಿ ಆಳವಾದಂತೆ ಗಂಟೆಗೆ ಬರುವ ಕೊಡಗಳು ಕಮ್ಮಿ. ಸಾಧಾರಣವಾಗಿ ನೂರಕ್ಕೆ ಹತ್ತರ ಸುಮಾರಿಗೆ ಸಾಮರ್ಥ್ಯ ಬಿದ್ದುಹೋಗುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ. ಹೆಚ್ಚು ಬೇಕಾದಾಗಲೇ ಕಡಿಮೆ ಕೊಡುವುದು ಈ ಯಂತ್ರದ ಜಾಯಮಾನ. ಮತ್ತೆ, 'ಒಂದೂವರೆ ಟನ್' ಎಂದು ಮಾರುವ ಯಂತ್ರಗಳೆಲ್ಲ ಒಂದೇ ಅಲ್ಲ. ನಕ್ಷತ್ರಗಳಿರುವ ಬಿಇಇ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ತಂಪಿನ ಸಾಮರ್ಥ್ಯ ವ್ಯಾಟಿನಲ್ಲಿ ಇರುತ್ತದೆ. ಲೆಕ್ಕದ ಪ್ರಕಾರ 5275 ಇರಬೇಕಾದಲ್ಲಿ 4800, 5000, 5200 ಹೀಗೆ ಕಾಣುತ್ತೀರಿ. ನಕ್ಷತ್ರ ಎಣಿಸುವವರು ಬಹಳ, ಈ ಅಂಕಿ ಓದುವವರು ಕಡಿಮೆ. ನಕ್ಷತ್ರ ಹೇಳುವುದು ಕರೆಂಟಿನ ಜಾಣತನ, ಈ ಅಂಕಿ ಹೇಳುವುದು ತೋಳಿನ ಬಲ. ಐದು ನಕ್ಷತ್ರದ ಯಂತ್ರವೂ ಕೋಣೆಗೆ ಚಿಕ್ಕದಾದರೆ ಇಡೀ ಮಧ್ಯಾಹ್ನ ಏದುಸಿರು ಬಿಡುತ್ತಿರುತ್ತದೆ.

ಹಾಗಾದರೆ ಎರಡು ಟನ್ನಿನದೇ ತಂದುಬಿಟ್ಟರೆ ಆಗದೇ? ಇರಲಿ ಎಂದು ಒಂದು ಸೇರು ಹೆಚ್ಚಿಗೆ ಅಕ್ಕಿ ಹಾಕುವ ಮನಸ್ಸು ನಮ್ಮದು. ಮಂಗಳೂರಿನ ನನ್ನ ಸ್ನೇಹಿತರೊಬ್ಬರು ಹಾಗೇ ಮಾಡಿದರು: ಸಣ್ಣ ಮಲಗುವ ಕೋಣೆಗೆ ಎರಡು ಟನ್ನಿನ ಹಳೆಯ ಮಾದರಿಯ ಏಸಿ. ಜುಲೈ ತಿಂಗಳ ಒಂದು ರಾತ್ರಿ ಅಲ್ಲಿ ಮಲಗಿದ್ದೆ. ಐದೇ ನಿಮಿಷಕ್ಕೆ ಕೋಣೆ ತಣ್ಣಗಾಯಿತು, ಯಂತ್ರ ಟಕ್ಕೆಂದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ಟಕ್. ಚಳಿಯಾಗುತ್ತಿತ್ತು, ಆದರೂ ಹಾಸಿಗೆ ಥಂಡಿ ಹಿಡಿದಂತೆ ಮೈಗೆ ಅಂಟುತ್ತಿತ್ತು. ಗುಹೆಯಲ್ಲಿ ಮಲಗಿದ ಅನುಭವ.

ಕಾರಣ ಗಾಳಿಯಲ್ಲಿರುವ ನೀರು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ 41 ಡಿಗ್ರಿ, 20 ಶೇಕಡಾ ಆರ್ದ್ರತೆ ಇದ್ದರೆ ಒಂದು ಕಿಲೋ ಗಾಳಿಯಲ್ಲಿ ಹತ್ತು ಗ್ರಾಂ ನೀರಾವಿ. ಮಂಗಳೂರಿನ ಮೇ ತಿಂಗಳಲ್ಲಿ 33 ಡಿಗ್ರಿ, 70 ಶೇಕಡಾ ಇದ್ದರೆ ಇಪ್ಪತ್ತೆರಡು ಗ್ರಾಂ. ಉಷ್ಣಾಂಶ ಕಡಿಮೆ, ಸಂಕಟ ಹೆಚ್ಚು. ಏಸಿಯ ತಣ್ಣನೆಯ ಸುರುಳಿಗೆ ಈ ಗಾಳಿ ತಾಗಿದಾಗ ಆವಿ ಬೆವರಿನಂತೆ ಹನಿಗಟ್ಟಿ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕುತ್ತದೆ. ಆವಿ ನೀರಾಗುವಾಗ ಬಿಟ್ಟುಕೊಡುವ ಗುಪ್ತೋಷ್ಣ ದೊಡ್ಡದು: ಗಂಟೆಗೆ ಒಂದು ಲೀಟರ್ ನೀರು ಇಳಿಸಲು ಸುಮಾರು 680 ವ್ಯಾಟಿನ ಸಾಮರ್ಥ್ಯ ಅದಕ್ಕೇ ಹೋಗುತ್ತದೆ. ಕರಾವಳಿಯ ಮನೆಯಲ್ಲಿ ಡ್ರೈನ್ ಪೈಪಿನ ಕೆಳಗಿಟ್ಟ ಬಕೆಟ್ ಎಂಟು ಗಂಟೆಯಲ್ಲಿ ಹತ್ತು ಲೀಟರ್ ತುಂಬಿದರೆ, ಏಸಿಯ 850 ವ್ಯಾಟ್ ರಾತ್ರಿಯಿಡೀ ಗಾಳಿಯನ್ನು ಹಿಂಡಲು ಸಂದಿದೆ ಎಂದರ್ಥ. ಮುಕ್ಕಾಲು ಟನ್ನಿನ ಮೂರರಲ್ಲೊಂದು ಪಾಲು!

ಹಿಂಡುವುದಕ್ಕೆ ಸಮಯ ಬೇಕು. ತೀರ ದೊಡ್ಡ ಏಸಿ ಗಾಳಿಯನ್ನು ಥಟ್ಟನೆ ತಣಿಸಿ, ಥರ್ಮಾಮೀಟರಿಗೆ ತೃಪ್ತಿಯಾಯಿತೆಂದು ನಿಂತುಬಿಡುತ್ತದೆ. ಸುರುಳಿಯ ಮೇಲೆ ಆಗಷ್ಟೇ ಕೂತ ಹನಿ ಪೈಪಿನವರೆಗೆ ಇಳಿದೇ ಇರುವುದಿಲ್ಲ. ಒಳಗಿನ ಫ್ಯಾನು ಓಡುತ್ತಲೇ ಇರುವುದರಿಂದ ಆ ಹನಿ ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತದೆ. ಇನ್ವರ್ಟರ್ ಏಸಿ ಬಂದ ಮೇಲೆ ಈ ಕಾಟ ತಗ್ಗಿದೆ. ಅದರ ಕಂಪ್ರೆಸರ್ ಎತ್ತಿನ ಗಾಡಿಯಂತೆ ನಿಧಾನವಾಗಿಯೂ ಹೋಗಬಲ್ಲುದು. ಆದರೂ ಅದಕ್ಕೊಂದು ಕನಿಷ್ಠ ವೇಗ ಉಂಟು. ಅದಕ್ಕಿಂತ ಕಡಿಮೆ ಬೇಕಾದ ಮಳೆಗಾಲದ ರಾತ್ರಿ ಅದೂ ನಿಂತು ಹೊರಡುವ ಆಟ ಆಡುತ್ತದೆ. 'ಇನ್ವರ್ಟರ್ ಅಲ್ವಾ ಸಾರ್, ಎರಡು ಟನ್ನೇ ಹಾಕ್ಸಿ' ಎನ್ನುವವರು ಈ ಮಾತು ಹೇಳುವುದಿಲ್ಲ.

ವಿಚಿತ್ರವೆಂದರೆ ಏಸಿ ಹುಟ್ಟಿದ್ದೇ ಈ ತೇವಕ್ಕಾಗಿ, ಸೆಕೆಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್ ಅಂಡ್ ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗಿ, ಒಣಗಿ ಕುಗ್ಗಿ, ಒಂದರ ಮೇಲೊಂದು ಹಚ್ಚುವ ಬಣ್ಣಗಳು ತಾಳೆಯಾಗುತ್ತಿರಲಿಲ್ಲ. ಅದನ್ನು ಸರಿಮಾಡಲು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ತಣ್ಣನೆಯ ಸುರುಳಿಗಳ ಮೇಲೆ ಗಾಳಿ ಹಾಯಿಸಿ ನೀರು ಇಳಿಸುವ ವ್ಯವಸ್ಥೆ ರೂಪಿಸಿದ. ಅದರ ಬಲವನ್ನೂ ಆಗ ಮಂಜುಗಡ್ಡೆಯಲ್ಲೇ ಹೇಳಿದರು: ದಿನಕ್ಕೆ 1,08,000 ಪೌಂಡ್, ಅಂದರೆ 54 ಟನ್. ಅಲ್ಲಿ ಕೆಲಸ ಮಾಡುವವರಿಗೆ ಹಾಯೆನಿಸಿದ್ದು ಲಾಭದ ಮೇಲಿನ ಕೊಸರು.

ಕಲಬುರಗಿಯ ಗಾಳಿಗೆ ನೀರು ಸಾಲದು, ಆದ್ದರಿಂದಲೇ ಅಲ್ಲಿ ಹುಲ್ಲಿನ ಪ್ಯಾಡಿಗೆ ನೀರು ಸುರಿದು ಊದುವ ಕೂಲರ್ ಇಷ್ಟು ವರ್ಷ ಮನೆಮನೆಯಲ್ಲಿ ಗುಡುಗುತ್ತಿತ್ತು. ಅಕ್ಕನ ಮನೆಯಲ್ಲೂ ಇತ್ತು. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ ಉಗಿಯ ಪೆಟ್ಟಿಗೆ.

ನನ್ನ ಕಾಗದದ ಲೆಕ್ಕ ನೋಡಿದ ಭಾವ ಮರುವಾರವೇ ತಾರಸಿಗೆ ಎರಡು ಕೈ ದಪ್ಪ ಸುಣ್ಣ ಹೊಡೆಸಿದರು, ಪಶ್ಚಿಮದ ಕಿಟಕಿಗೆ ಹೊರಗಿನಿಂದ ತಟ್ಟಿ ಕಟ್ಟಿಸಿದರು. ಬಿಳಿ ಮೇಲ್ಮೈ ಬಿಸಿಲನ್ನು ತಿರುಗಿಸಿ ಕಳಿಸಿ ತಾರಸಿ ಹತ್ತು ಹದಿನೈದು ಡಿಗ್ರಿ ಇಳಿದರೆ 1300 ಹೋಗಿ 700ರ ಹತ್ತಿರ. ಕಿಟಕಿಯ ಸಾವಿರ 250ಕ್ಕೆ. ಒಟ್ಟು 2700, ಒಂದು ಟನ್ನಿನ ಏಸಿ, ಮೇ ತಿಂಗಳ ಹತ್ತು ಶೇಕಡಾ ಕಳೆದುಕೊಂಡರೂ, ನಿಭಾಯಿಸುತ್ತಿತ್ತು. ಆದರೆ ಒಂದೂವರೆ ಟನ್ನಿನದು ಆಗಲೇ ಗೋಡೆಯ ಮೇಲಿತ್ತು. ಇನ್ವರ್ಟರ್ ಆದ್ದರಿಂದ ಈಗ ಅರ್ಧ ವೇಗದಲ್ಲಿ ಗುನುಗುತ್ತ ಓಡುತ್ತದೆ, ಬಿಲ್ಲೂ ಹಗುರವಾಯಿತು. 2020ರಿಂದ ಹೊಸ ಏಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರುತ್ತವೆ. ಭಾವ ಅದನ್ನು 27ಕ್ಕೆ ಏರಿಸಿ ಫ್ಯಾನು ಹಾಕುತ್ತಾರೆ. ಬೇಗ ತಂಪಾಗಲಿ ಎಂದು ಮಗ 16ಕ್ಕೆ ಒತ್ತಿದಾಗಲೆಲ್ಲ ಬೈಗುಳ. 16 ಅನ್ನುವುದು ಎಲ್ಲಿ ನಿಲ್ಲಬೇಕೆಂಬ ಗುರುತಷ್ಟೇ, ಓಟದ ವೇಗ ಹೆಚ್ಚಿಸುವ ಚಾಟಿಯಲ್ಲ. ಯಂತ್ರದ ಪೂರ್ತಿ ಬಲ ಇರುವಷ್ಟೇ ಇರುತ್ತದೆ.

ಅತ್ತೆ ಮೊದಲ ರಾತ್ರಿ ಏಸಿಯ ಕೆಳಗೆ ಮಲಗಿ ಎದ್ದವರೇ ಹಿತ್ತಲಿಗೆ ಹೋದರು. ಹೊರಗಿನ ಪೈಪಿನ ಬಾಯಿಗೆ ಅಕ್ಕ ಒಂದು ಬಕೆಟ್ ಇಟ್ಟಿದ್ದಳು. ಅತ್ತೆ ಬಗ್ಗಿ ನೋಡಿದರು. ತಳದಲ್ಲಿ ಅರ್ಧ ತಂಬಿಗೆಯಷ್ಟು ನೀರು. ಬಕೆಟ್ ಎತ್ತಿ ತುಳಸಿಗೆ ಬಗ್ಗಿಸುತ್ತ ನನ್ನ ಕಡೆ ತಿರುಗಿದರು.

"ಒಂದೂವರಿ ಟನ್ ಬರ್ಫ ಅಂದ್ಯಲ್ಲಪಾ ನೀ. ಎಲ್ಲಾ ಕರಗಿ ಇಷ್ಟs ನೀರೇನು?"